ಪಿ.ಟಿ. ಮಾಸ್ತರ್ ಕಟ್ಟಿದ ಜಾಝ್ ಬ್ಯಾಂಡ್: ಜಿಮ್ಮಿ ಲನ್ಸ್‌ಫರ್ಡ್ ಬಗ್ಗೆ ಗೊತ್ತಿದ್ದವರು ಹೇಳ್ತೀರಾ?

ಪಿ.ಟಿ. ಸರ್, ಕಲಬುರಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಊರಂಚಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿ.ಟಿ. ಸರ್. ಸಂಗೀತ ಕಲಿತವನಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಸೈಡ್ ಡ್ರಮ್ ಬಾರಿಸಿದ್ದೆ, ಅಷ್ಟೇ.

ಹೋದ ವರ್ಷ ಸ್ಟೋರ್ ರೂಮ್ ಖಾಲಿ ಮಾಡುವಾಗ ಮುರಿದ ಬೆಂಚುಗಳ ಹಿಂದೆ ಎರಡು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ಮೂರು ಬ್ಯೂಗಲ್ ಸಿಕ್ಕವು. ಡ್ರಮ್‌ಗಳ ಹೊದಿಕೆ ಹರಿದಿತ್ತು. ಒಂದು ಬ್ಯೂಗಲ್ ಒಳಗೆ ಕಣಜದ ಗೂಡು. ಹಳೇ ವಿದ್ಯಾರ್ಥಿಗಳು ಸ್ವಲ್ಪ ಹಣ ಹಾಕಿದರು, ರಿಪೇರಿ ಮಾಡಿಸಿದೆ. ಈಗ 14 ಮಕ್ಕಳ ಬ್ಯಾಂಡ್ ಇದೆ. ಸಂಜೆ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಒಂದು ತಾಸು ಪ್ರಾಕ್ಟೀಸ್. ಆಗಸ್ಟ್ 15 ಚೆನ್ನಾಗಿ ಆಯಿತು. ಸೆಪ್ಟೆಂಬರ್ 17ಕ್ಕೆ, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನ, ಊರಿನಲ್ಲಿ ಪ್ರಭಾತ ಫೇರಿ ಹೊರಡಿಸಬೇಕು ಅಂತಿದ್ದೇವೆ.

ಈಗ ವಿಷಯಕ್ಕೆ ಬರ್ತೀನಿ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಬ್ಯಾಂಡಿಗೆ ಬಾ ಅಂದರೆ ಬರ್ತಿರಲಿಲ್ಲ. ಒಂದು ದಿನ ಲೇಜಿಮ್ ಕವಾಯತಿನ ಹೊತ್ತಿಗೆ ನೋಡ್ತೀನಿ, ಅವನು ಕೈಯಲ್ಲಿದ್ದ ಕೋಲಿನ ಮೇಲೆ ಬೆರಳು ಆಡಿಸ್ತಾ ನಿಂತಿದ್ದಾನೆ. ಸುಮ್ನೆ ಆಡಿಸೋದಲ್ಲ. ಎಡಗೈ ಮೇಲೆ, ಬಲಗೈ ಕೆಳಗೆ, ಒಂದೊಂದೇ ಬೆರಳು ಎತ್ತಿ ಇಡ್ತಿದ್ದ. ಪಕ್ಕಕ್ಕೆ ಕರೆದು ಕೇಳಿದೆ. ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ: "ನಮ್ಮ ಮುತ್ಯಾ ಕ್ಲಾರಿನೆಟ್ ಬಾರಸ್ತಾನ್ರಿ ಸರ್. ಬ್ಯಾಂಡ್‌ನಾಗ. ಯಾರಿಗೂ ಹೇಳಬ್ಯಾಡ್ರಿ."

ಮದುವೆ ಮೆರವಣಿಗೆಯ ಬ್ಯಾಂಡ್. ಆರನೇ ಕ್ಲಾಸಿನಲ್ಲಿ ಯಾರೋ ಅವನನ್ನು "ಏ ಬಾಜಾ" ಅಂತ ಕರೆದಿದ್ದರಂತೆ. ಅವತ್ತಿನಿಂದ ಮನೆಯ ಕ್ಲಾರಿನೆಟ್ ಮುಟ್ಟಿದ್ದು ಬಾಗಿಲು ಹಾಕಿಕೊಂಡು ಮಾತ್ರ. ಇದು ನನ್ನ ಮನಸ್ಸಿಗೆ ಬಹಳ ನಾಟಿತು.

ಮೊನ್ನೆ ರಾತ್ರಿ ಫೋನಿನಲ್ಲಿ ಸ್ಕೂಲ್ ಬ್ಯಾಂಡ್‌ಗಳ ಬಗ್ಗೆ ಹುಡುಕ್ತಾ ಜಿಮ್ಮಿ ಲನ್ಸ್‌ಫರ್ಡ್ ಅನ್ನೋ ಹೆಸರು ಸಿಕ್ಕಿತು. ಅಮೆರಿಕದ ಜಾಝ್ ಬ್ಯಾಂಡ್ ಲೀಡರ್. ಅದಕ್ಕೂ ಮೊದಲು ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರ್! ನನ್ನದೇ ಕೆಲಸ. ಅದನ್ನು ಓದಿ ಎದ್ದು ಕೂತೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಇಂಗ್ಲಿಷಿನಲ್ಲಿ ಓದಿದರೆ ಹೆಸರುಗಳಲ್ಲೇ ಕಳೆದುಹೋಗ್ತೀನಿ. ಈ ಮನುಷ್ಯನ ಕಥೆಯನ್ನು ಆ ಹುಡುಗನಿಗೂ ಉಳಿದವರಿಗೂ ಹೇಳಬೇಕು. ಮಕ್ಕಳ ಬ್ಯಾಂಡನ್ನು ಅಷ್ಟು ದೊಡ್ಡ ಬ್ಯಾಂಡ್ ಮಾಡಿದ್ದು ಹೇಗೆ? ಏನು ಕಲಿಸ್ತಿದ್ದರು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಬೀದರ್ ಓದುಗಿ:

ಸರ್, ಲನ್ಸ್‌ಫರ್ಡ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ನಿಮ್ಮ ಹುಡುಗನ ಮಾತು ಓದಿ ಜಾಝ್‌ನ ದೊಡ್ಡ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ನೆನಪಾದರು. ಅವರ ಮೊದಲ ಮಾಸ್ತರ್ ಕಥೆಯನ್ನೂ ಮಕ್ಕಳಿಗೆ ಹೇಳಿ.

1912ರ ಕೊನೆಯ ರಾತ್ರಿ, ನ್ಯೂ ಆರ್ಲಿಯನ್ಸ್ ಊರು. ಹೊಸ ವರ್ಷದ ಗದ್ದಲದಲ್ಲಿ 11 ವರ್ಷದ ಲೂಯಿ ಬೀದಿಯಲ್ಲಿ ಪಿಸ್ತೂಲಿನಿಂದ ಗಾಳಿಗೆ ಗುಂಡು ಹಾರಿಸಿದ. ಪೊಲೀಸರು ಹಿಡಿದರು. ಕರಿಯರ ಮಕ್ಕಳಿಗೆ ಅಂತ ಇದ್ದ ರಿಮ್ಯಾಂಡ್ ಹೋಮಿಗೆ ಹಾಕಿದರು. ಅಲ್ಲಿ ಬ್ಯಾಂಡ್ ಕಲಿಸುತ್ತಿದ್ದವರು ಪೀಟರ್ ಡೇವಿಸ್. ಮೊದಮೊದಲು ಅವರಿಗೆ ಈ ಹುಡುಗನ ಮೇಲೆ ನಂಬಿಕೆಯೇ ಇರಲಿಲ್ಲ. ಕೆಟ್ಟ ಓಣಿಯಿಂದ ಬಂದವನು ಅಂತ ದೂರ ಇಟ್ಟಿದ್ದರು. ಆಮೇಲೆ ಕೈಗೆ ಒಂದು ತಂಬೂರಿನ್ ಕೊಟ್ಟರು. ಆಮೇಲೆ ಬ್ಯೂಗಲ್. ಅದು ಕಿಲುಬು ಹಿಡಿದು ಹಸಿರಾಗಿತ್ತು. ಲೂಯಿ ಮೊದಲು ಮಾಡಿದ ಕೆಲಸ ಅದನ್ನು ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿದ್ದು. ಕೊನೆಗೆ ಟ್ರಂಪೆಟ್ ಥರದ ಕಾರ್ನೆಟ್ ಕೈಗೆ ಬಂತು, ಬ್ಯಾಂಡಿಗೇ ಲೀಡರ್ ಆದ.

ನನಗೆ ಇಷ್ಟವಾದದ್ದು ಮುಂದಿನದು. ಆ ಬ್ಯಾಂಡ್ ಮೆರವಣಿಗೆಯಲ್ಲಿ ಲೂಯಿಯ ಸ್ವಂತ ಓಣಿಯಲ್ಲೇ ಹಾದುಹೋಯಿತು. ಓಣಿಯವರೆಲ್ಲ ಹೊರಗೆ ಬಂದರು. ಟೋಪಿಯಲ್ಲಿ ದುಡ್ಡು ಹಾಕಿದರು. ಅಷ್ಟೂ ಜನ ನಾಚಿಕೊಳ್ಳುತ್ತಿದ್ದ ಆ ಓಣಿಯಲ್ಲಿ ಹುಡುಗ ಎಲ್ಲರಿಗಿಂತ ಮುಂದೆ ನಡೆದ.

ನಿಮ್ಮ ಕಣಜದ ಗೂಡಿನ ಬ್ಯೂಗಲ್ ಈಗ ಯಾರ ಹತ್ತಿರ ಇದೆ ಸರ್?

---

ಶಹಾಬಜಾರ್ ಕಾಕಾ:

ಮಾಸ್ತರೇ, ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ನಾನೂ ಒಬ್ಬ "ಬಾಜಾ". ನಮ್ಮಪ್ಪ ಶಹಾಬಜಾರಿನ ಒಂದು ಬ್ಯಾಂಡಿನಲ್ಲಿ 30 ವರ್ಷ ಕ್ಲಾರಿನೆಟ್ ನುಡಿಸಿದರು. ನಾನು ಶಾಲೆಯಲ್ಲಿ ಸಂಗೀತ ಕಲಿಸಿ ರಿಟೈರ್ ಆದವನು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಕಥೆ. ಲನ್ಸ್‌ಫರ್ಡ್ ಹುಟ್ಟಿದ್ದು 1902ರ ಜೂನ್ 6ಕ್ಕೆ, ಮಿಸಿಸಿಪ್ಪಿ ರಾಜ್ಯದ ಫುಲ್ಟನ್ ಹತ್ತಿರ. ಬೆಳೆದದ್ದು ಡೆನ್ವರ್ ಊರಿನಲ್ಲಿ. ಅಲ್ಲಿನ ಶಾಲೆಯಲ್ಲಿ ಸಂಗೀತ ಕಲಿಸಿದವರು ವಿಲ್ಬರ್‌ಫೋರ್ಸ್ ವೈಟ್‌ಮನ್. ಆ ಕಾಲಕ್ಕೆ ಅಮೆರಿಕದಲ್ಲಿ ಮನೆಮಾತಾಗಿದ್ದ ಬ್ಯಾಂಡ್ ಲೀಡರ್ ಪಾಲ್ ವೈಟ್‌ಮನ್ ಇವರ ಮಗ. ನೋಡಿ, ಮಗನ ಹೆಸರು ಎಲ್ಲರಿಗೂ ಗೊತ್ತು. ಅಪ್ಪ ಶಾಲಾ ಮಾಸ್ತರಾಗಿಯೇ ಇದ್ದು ಲನ್ಸ್‌ಫರ್ಡ್‌ನಂಥ ಹುಡುಗರ ಕೈಗೆ ವಾದ್ಯ ಕೊಟ್ಟರು. ಲನ್ಸ್‌ಫರ್ಡ್ ಒಂದಲ್ಲ, ಹಲವು ವಾದ್ಯ ಕಲಿತರು. ಆಮೇಲೆ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಓದು ಕಲಿಸಲು 1866ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಡಿಗ್ರಿ ಮುಗಿಸಿ ಮೆಂಫಿಸ್ ಊರಿನ ಮನಾಸಸ್ ಹೈಸ್ಕೂಲಿಗೆ ಬಂದರು. ಹೌದು, ಆಟ-ವ್ಯಾಯಾಮ ಕಲಿಸಲು.

1927ರಲ್ಲಿ ಆ ಮಕ್ಕಳನ್ನೇ ಸೇರಿಸಿ ಬ್ಯಾಂಡ್ ಕಟ್ಟಿದರು. ಹೆಸರು ಚಿಕಸಾ ಸಿಂಕೋಪೇಟರ್ಸ್. ಚಿಕಸಾ ಅಂದರೆ ಮೆಂಫಿಸ್ ಇರುವ ನೆಲದ ಮೂಲ ಜನ. ಮೆಂಫಿಸ್‌ನ ಸರ್ಕಾರಿ ಹೈಸ್ಕೂಲುಗಳಲ್ಲಿ ಮೊದಲ ಬ್ಯಾಂಡ್ ಮಾಸ್ತರ್ ಅಂತ ಇವತ್ತಿಗೂ ಇವರನ್ನೇ ನೆನೆಯುತ್ತಾರೆ. ಆ ಹುಡುಗರಲ್ಲಿ ಜಿಮ್ಮಿ ಕ್ರಾಫರ್ಡ್ ಅಂತ ಒಬ್ಬ ಡ್ರಮ್ಮರ್. ಮೋಸೆಸ್ ಅಲೆನ್ ಅಂತ ಇನ್ನೊಬ್ಬ, ಬಾಸ್. ಫಿಸ್ಕ್‌ನಲ್ಲಿ ಜೊತೆಗಿದ್ದವರೂ ಆಮೇಲೆ ಸೇರಿಕೊಂಡರು: ಸ್ಯಾಕ್ಸಫೋನಿನ ವಿಲ್ಲಿ ಸ್ಮಿತ್, ಪಿಯಾನೋದ ಎಡ್ವಿನ್ ವಿಲ್ಕಾಕ್ಸ್. 1929ರಲ್ಲಿ ಮಾಸ್ತರಿಕೆ ಬಿಟ್ಟು ಬ್ಯಾಂಡನ್ನೇ ಹೊಟ್ಟೆಪಾಡು ಮಾಡಿಕೊಂಡರು. ಅದೇ ವರ್ಷ ಅಮೆರಿಕದ ಶೇರು ಪೇಟೆ ಬಿದ್ದು ದೇಶವೇ ಕಂಗಾಲಾಯಿತು. ತಿಂಗಳ ಸಂಬಳ ಬಿಟ್ಟು ಹೊರಟ ಕಾಲ ಎಂಥದ್ದು ನೋಡಿ. ಕ್ಲೀವ್‌ಲ್ಯಾಂಡ್, ಬಫಲೋ ಕಡೆ ಕೆಲವು ವರ್ಷ ಕಷ್ಟದ ದಿನಗಳು. 1934ರ ಜನವರಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್‌ಗೆ ಕರೆ ಬಂತು. ಡ್ಯೂಕ್ ಎಲಿಂಗ್ಟನ್, ಕ್ಯಾಬ್ ಕ್ಯಾಲೊವೇ ಅಂಥ ಹೆಸರಾಂತ ಬ್ಯಾಂಡ್ ಲೀಡರ್‌ಗಳು ನುಡಿಸಿದ ವೇದಿಕೆ ಅದು. ಅಲ್ಲಿಂದ ಹಿಂದೆ ನೋಡಲಿಲ್ಲ. 1937ರಲ್ಲಿ ಸ್ವೀಡನ್‌ವರೆಗೂ ಹೋಗಿ ಬಂದರು. ಮೆಂಫಿಸ್ ಶಾಲೆಯ ಆ ಕ್ರಾಫರ್ಡ್, ಆ ಅಲೆನ್ ಆಗಲೂ ಬ್ಯಾಂಡಿನಲ್ಲೇ ಇದ್ದರು.

ಈಗ ನನ್ನನ್ನು ಹಿಡಿದು ನಿಲ್ಲಿಸಿದ್ದನ್ನು ಹೇಳ್ತೀನಿ. ಇಷ್ಟು ವಾದ್ಯ ಬಲ್ಲ ಮನುಷ್ಯ ತನ್ನ ಬ್ಯಾಂಡಿನಲ್ಲಿ ನುಡಿಸಿದ್ದು ತೀರಾ ಕಡಿಮೆ. ಕೈಯಲ್ಲಿ ಒಂದು ಉದ್ದನೆಯ ಬಿಳಿ ಕೋಲು. ಮುಂದೆ ನಿಂತು ಅದನ್ನು ಆಡಿಸುವುದೇ ಅವರ ಕೆಲಸ. ಮೈಮೇಲೆ ಒಳ್ಳೆ ಸೂಟು. ಎಲ್ಲರೂ ಒಂದೇ ಥರ ಸೂಟು, ಒಂದೇ ಹೊತ್ತಿಗೆ ಏಳುವುದು, ಒಂದೇ ಹೊತ್ತಿಗೆ ಕೂರುವುದು. ಟ್ರಂಪೆಟ್‌ನವರು ನಡುವೆ ತಮ್ಮ ವಾದ್ಯವನ್ನು ಮೇಲಕ್ಕೆ ತೂರಿ, ಹಿಡಿದು, ತಾಳ ತಪ್ಪದೆ ಮತ್ತೆ ಊದುತ್ತಿದ್ದರು. ಜನ ಅದನ್ನು ನೋಡಲೂ ಬರ್ತಿದ್ದರು. ಆದರೆ ಅದೆಲ್ಲ ನಿಂತಿದ್ದು ಪ್ರಾಕ್ಟೀಸಿನ ಮೇಲೆ. ಸ್ಯಾಕ್ಸಫೋನಿನವರನ್ನು ಮಾತ್ರ ಬೇರೆ ಕೂರಿಸಿ ವಿಲ್ಲಿ ಸ್ಮಿತ್ ಮತ್ತೆ ಮತ್ತೆ ತಿದ್ದಿಸುತ್ತಿದ್ದರು.

1986ರಲ್ಲಿ ನಾನು ಹೈದರಾಬಾದಿನ ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಸಂತೆಯಲ್ಲಿ ಇವರ ಒಂದು ಹಳೇ ರೆಕಾರ್ಡ್ ಕೊಂಡೆ. ಕವರ್ ಮೇಲಿನ ಸೂಟು ನೋಡಿ ಕೊಂಡದ್ದು, ಖರೆ ಹೇಳಬೇಕಂದರೆ. ಮನೆಗೆ ತಂದು ಹಾಕಿದೆ. ಅಪ್ಪ ಆಗ ನುಡಿಸುವುದು ಬಿಟ್ಟಿದ್ದರು, ಹಲ್ಲು ಹೋಗಿತ್ತು. ಗೋಡೆಗೆ ಒರಗಿ ಕೂತು ಕೇಳಿದರು. ಎರಡನೇ ಹಾಡಿನ ನಡುವೆ ಕೈ ಎತ್ತಿ ನಿಲ್ಲಿಸು ಅಂದರು. "ಎಷ್ಟು ಮಂದಿ ಅದಾರ ಆ ಸಾಲಿನ್ಯಾಗ?" ಅಂತ ಕೇಳಿದರು. ನಾಲ್ಕೈದು ಜನ ಅಂದೆ. "ಒಬ್ಬನ ಉಸಿರು ಕೇಳಸ್ತದ" ಅಂದರು. ಮತ್ತೆ ಹಾಕಿಸಿ ಕೇಳಿದರು. ಎಲ್ಲರೂ ಒಂದೇ ಜಾಗದಲ್ಲಿ ಉಸಿರು ತಗೊಂಡು, ಒಂದೇ ಜಾಗದಲ್ಲಿ ಬಿಡೋದು. ಮೆರವಣಿಗೆಯಲ್ಲಿ 30 ವರ್ಷ ಊದಿದ ಮನುಷ್ಯನಿಗೆ ಮೊದಲು ಕಿವಿಗೆ ಬಿದ್ದದ್ದು ಅದು. ನನಗೆ ಅಲ್ಲಿಯವರೆಗೆ ಅದು ಕೇಳಿಸಿರಲಿಲ್ಲ.

ನಿಮ್ಮ ಹುಡುಗನ ಮುತ್ಯಾನಿಗೂ ಆ ಕಿವಿ ಇರ್ತದೆ, ಮಾಸ್ತರೇ. ಅವರನ್ನು ಶಾಲೆಗೆ ಕರೆಸಿ.

ಇನ್ನು ನಿಮ್ಮ ಕೆಲಸಕ್ಕೆ ಬರುವ ಒಂದು ಮಾತು. ಲನ್ಸ್‌ಫರ್ಡ್ ಬ್ಯಾಂಡಿನ ನಡೆಯನ್ನು ಎರಡೇಟಿನ ನಡೆ ಅಂತಾರೆ. ಪಿ.ಟಿ. ಮಾಸ್ತರಿಗೆ ಇದು ಸಲೀಸು. ನಾಲ್ಕು ಎಣಿಸಿ. ಒಂದಕ್ಕೂ ಮೂರಕ್ಕೂ ದೊಡ್ಡ ಡ್ರಮ್. ಒಂದಕ್ಕೆ ಎಡಗಾಲು, ಮೂರಕ್ಕೆ ಬಲಗಾಲು. ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ. ಪರೇಡಿನ ಹಾಗೆ ಕಾಲು ಅಪ್ಪಳಿಸಬಾರದು. ಊಟ ಆದ ಮೇಲೆ ಗೆಳೆಯರ ಜೊತೆ ಓಣಿಯಲ್ಲಿ ಅಡ್ಡಾಡ್ತೀವಲ್ಲ, ಆ ನಡಿಗೆ ಬರಬೇಕು. ಸೈಡ್ ಡ್ರಮ್ ಹುಡುಗರಿಗೆ ಸಣ್ಣ ಏಟುಗಳನ್ನು ಸಮ ಸಮ ಹೊಡೆಯಬೇಡಿ ಅನ್ನಿ. ಒಂದು ಉದ್ದ, ಒಂದು ಗಿಡ್ಡ. ಟಾಂಗಾ ಕುದುರೆಯ ಕಾಲಿನ ಸದ್ದು. ನಾನು ಸಣ್ಣವನಿದ್ದಾಗ ಸ್ಟೇಷನ್ ರಸ್ತೆಯಲ್ಲಿ ದಿನಾ ಕೇಳಿದ್ದು ಅದು. ಈಗಿನ ಮಕ್ಕಳಿಗೆ ನೀವು ತೊಡೆ ತಟ್ಟಿ ತೋರಿಸಬೇಕು. ಹತ್ತು ನಿಮಿಷ ಬರೀ ಚಪ್ಪಾಳೆ, ಕಾಲು. ವಾದ್ಯ ಮುಟ್ಟೋದೇ ಬೇಡ. ಅದು ಕೂತ ಮೇಲೆ ಬ್ಯೂಗಲ್ ಎತ್ತಿಸಿ.

ಇವರೊಬ್ಬರೇ ಅಲ್ಲ. ಅಲಬಾಮಾ ರಾಜ್ಯದ ಬರ್ಮಿಂಗ್ಹ್ಯಾಮ್ ಊರಿನಲ್ಲಿ ಫೆಸ್ ವಾಟ್ಲಿ ಅಂತ ಒಬ್ಬರಿದ್ದರು. ಶಾಲೆಯಲ್ಲಿ ಅವರ ಕೆಲಸ ಅಚ್ಚು ಮೊಳೆ ಜೋಡಿಸೋದು, ಮುದ್ರಣ ಕಲಿಸೋದು. ಅವರ ಕೈಕೆಳಗೆ ಬ್ಯಾಂಡ್ ಕಲಿತ ಹುಡುಗರು ದೇಶದ ದೊಡ್ಡ ದೊಡ್ಡ ಬ್ಯಾಂಡ್ ಸೇರಿದರು. ಸರ್ಕಾರ ಕೊಟ್ಟ ಹುದ್ದೆ ಒಂದು, ಮಕ್ಕಳಿಗೆ ಕೊಟ್ಟದ್ದು ಇನ್ನೊಂದು.

---

ಯಾದಗಿರಿ ಪ್ಯಾಡ್ ಬಾರಿಸುವವ:

ಕಾಕಾ, ಬಹಳ ಚೆನ್ನಾಗಿ ಹೇಳಿದಿರಿ. ಆದರೆ ಒಂದು ಮಾತು ಸೇರಿಸಬೇಕು. ನಾನು ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ಬಾರಿಸಿ ಬದುಕುವವನು, ಅದಕ್ಕೇ ಈ ವಿಷಯ ನನಗೆ ಚುಚ್ಚುತ್ತೆ.

ಲನ್ಸ್‌ಫರ್ಡ್ ಬ್ಯಾಂಡಿನವರಿಗೆ ಸಂಬಳ ಸಾಲುತ್ತಿರಲಿಲ್ಲ. ಬ್ಯಾಂಡಿಗೆ ಆ ಬಣ್ಣ ಕೊಟ್ಟ ಹಾಡುಗಳನ್ನು ಜೋಡಿಸಿದ್ದು ಸೈ ಆಲಿವರ್. 1933ರಲ್ಲಿ ಸೇರಿದವರು, ಟ್ರಂಪೆಟ್ ನುಡಿಸೋರು, ಹಾಡೋರು, ಯಾರು ಎಲ್ಲಿ ಏನು ನುಡಿಸಬೇಕು ಅಂತ ಬರೆಯೋರು. 1939ರಲ್ಲಿ ಟಾಮಿ ಡಾರ್ಸಿ ಅನ್ನೋ ಇನ್ನೊಬ್ಬ ಬ್ಯಾಂಡ್ ಲೀಡರ್ ಹೆಚ್ಚು ಸಂಬಳ ಕೊಡ್ತೀನಿ ಅಂದಾಗ ಹೊರಟುಹೋದರು. 1942ರ ಹೊತ್ತಿಗೆ ವಿಲ್ಲಿ ಸ್ಮಿತ್ ಬಿಟ್ಟರು. ಆಮೇಲೆ ಟ್ರಾಂಬೋನಿನ ಟ್ರಮ್ಮಿ ಯಂಗ್ ಕೂಡ ಬಿಟ್ಟರು. ಅತ್ತ ಲನ್ಸ್‌ಫರ್ಡ್‌ಗೆ ವಿಮಾನ ಹಾರಿಸುವ ಹವ್ಯಾಸ, ಸ್ವಂತ ವಿಮಾನ ಬೇರೆ. ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬರೋ ವಾದಕನಿಗೆ ಅದನ್ನು ನೋಡಿದರೆ ಏನನ್ನಿಸುತ್ತೆ ಹೇಳಿ.

ಮಕ್ಕಳಿಗೆ ಕಥೆ ಹೇಳುವಾಗ ಇದನ್ನೂ ಹೇಳಿ ಸರ್. ಆ ಹುಡುಗನ ಮುತ್ಯಾನಿಗೆ ಸೀಜನ್ ಮುಗಿದ ಮೇಲೆ ನಾಲ್ಕು ತಿಂಗಳು ಕೂಲಿಯೇ ಗತಿ ಆಗಿರುತ್ತೆ. ಹುಡುಗ ನಾಚಿಕೊಳ್ಳೋದು ಬರೀ ಹೆಸರಿಗಲ್ಲ, ಆ ಬಡತನಕ್ಕೂ ಇರಬಹುದು.

---

ಶಹಾಬಜಾರ್ ಕಾಕಾ:

ತಮ್ಮಾ, ನೀನು ಹೇಳಿದ್ದು ನಿಜ. ನಾನು ಅದನ್ನು ಬಿಟ್ಟು ಬರೆಯಬಾರದಿತ್ತು. ಮೇಳ ಕಟ್ಟೋದು ಬೇರೆ, ಮೇಳದವರ ಹೊಟ್ಟೆ ನೋಡೋದು ಬೇರೆ. ಎರಡರಲ್ಲಿ ಒಂದನ್ನು ಅವರು ಸರಿಯಾಗಿ ಮಾಡಲಿಲ್ಲ.

ನಮ್ಮಪ್ಪನ ಕಾಲದ ಲೆಕ್ಕ ಕೇಳು. ಮೆರವಣಿಗೆ ಶರಣಬಸವೇಶ್ವರ ಗುಡಿ ಮುಂದಿನಿಂದ ಹೊರಟು ಮದುವೆ ಮನೆ ಮುಟ್ಟೋಕೆ ಎರಡು ತಾಸು. ಕೆಂಪು ಕೋಟು, ಭುಜದ ಮೇಲೆ ಜರಿ ಪಟ್ಟಿ, ಏಪ್ರಿಲ್ ತಿಂಗಳ ನಮ್ಮ ಕಲಬುರಗಿ ಬಿಸಿಲು. ಮನೆ ಮುಟ್ಟಿದ ಮೇಲೆ ಬೀಗರೆಲ್ಲ ಒಳಗೆ ಊಟಕ್ಕೆ. ಬ್ಯಾಂಡಿನವರು ಹೊರಗೆ, ಚಪ್ಪಲಿ ಬಿಟ್ಟ ಜಾಗದ ಹತ್ತಿರ. ಕೊನೇ ಪಂಕ್ತಿ ಎದ್ದ ಮೇಲೆ ಅವರಿಗೆ ಎಲೆ. ನಾನು ಹತ್ತು ವರ್ಷದವನಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದೆ. ಹಸಿವಾಗಿ ಒಳಗೆ ಹೋಗಿ ಕೂತೆ. ಒಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಅಪ್ಪ ಏನೂ ಅನ್ನಲಿಲ್ಲ. ಕ್ಲಾರಿನೆಟ್ ಬಿಚ್ಚಿ, ರುಮಾಲಿನಿಂದ ಒಂದೊಂದೇ ತುಂಡು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ನನ್ನನ್ನು ಕರೆದುಕೊಂಡು ಮನೆಗೆ ಬಂದುಬಿಟ್ಟರು. ಅವತ್ತಿನ ಕೂಲಿ ಸಿಗಲಿಲ್ಲ.

ಲನ್ಸ್‌ಫರ್ಡ್ ಬ್ಯಾಂಡಿನವರದ್ದೂ ಇದೇ ಪಾಡು. ಕಾಟನ್ ಕ್ಲಬ್ಬಿನಲ್ಲಿ ನುಡಿಸುವವರು ಕರಿಯರು, ಕೂತು ಕೇಳುವವರು ಬಿಳಿಯರು ಮಾತ್ರ. ಊರೂರು ತಿರುಗುವಾಗ ಎಷ್ಟೋ ಹೋಟೆಲ್‌ಗಳಲ್ಲಿ ಅವರಿಗೆ ಊಟ ಇಲ್ಲ, ರೂಮು ಇಲ್ಲ. 1947ರ ಜುಲೈ 12ರಂದು ಒರೆಗಾನ್ ರಾಜ್ಯದ ಸೀಸೈಡ್ ಅನ್ನೋ ಸಮುದ್ರ ದಂಡೆಯ ಊರಿಗೆ ಹೋಗಿದ್ದರು. ರಾತ್ರಿ ಕಾರ್ಯಕ್ರಮ ಇತ್ತು. ಹಗಲು ಒಂದು ರೆಕಾರ್ಡ್ ಅಂಗಡಿಯಲ್ಲಿ ಜನರಿಗೆ ಸಹಿ ಹಾಕಿ ಕೊಡ್ತಾ ಇದ್ದರು. ಅಲ್ಲೇ ಕುಸಿದು ಬಿದ್ದರು, ಜೀವ ಹೋಯಿತು. 45 ವರ್ಷ. ಹೃದಯಾಘಾತ ಅಂತ ದಾಖಲೆ. ಕರಿಯರಿಗೆ ಊಟ ಬಡಿಸಲು ಮನಸ್ಸಿಲ್ಲದ ಒಬ್ಬ ಹೋಟೆಲಿನವನು ಊಟದಲ್ಲಿ ಏನೋ ಬೆರೆಸಿದ ಅಂತ ಬ್ಯಾಂಡಿನವರ ನಡುವೆ ಮಾತು ಓಡಾಡಿತು. ಅಂಥ ಮಾತು ಹುಟ್ಟಿದ್ದು ಯಾಕೆ ಅಂತ ನನಗೆ ಅರ್ಥ ಆಗುತ್ತೆ. ಅವರನ್ನು ಮಣ್ಣು ಮಾಡಿದ್ದು ಮೆಂಫಿಸ್‌ನಲ್ಲಿ, ಬ್ಯಾಂಡ್ ಶುರುವಾದ ಊರಿನಲ್ಲೇ.

ಮಾಸ್ತರೇ, ಹುಡುಗನ ಕ್ಲಾರಿನೆಟ್ ರೀಡ್, ಅಂದರೆ ಊದುವ ತುದಿಗೆ ಕಟ್ಟುವ ತೆಳ್ಳನೆಯ ಪಟ್ಟಿ, ಹೇಗಿದೆ ನೋಡಿ. ಬಾಗಿಲು ಹಾಕಿಕೊಂಡು ನುಡಿಸ್ತಾನೆ ಅಂದಿರಿ. ಹಾಗಾದರೆ ಯಾವುದೋ ಹಳೇ ರೀಡನ್ನೇ ಇಟ್ಟುಕೊಂಡಿರ್ತಾನೆ. ಅಪ್ಪ ರೀಡನ್ನು ಬೆಳಕಿಗೆ ಹಿಡಿದು ನೋಡ್ತಿದ್ದರು. ತುದಿ ಎರಡೂ ಕಡೆ ಒಂದೇ ಥರ ತೆಳ್ಳಗೆ ಕಾಣಬೇಕು. ಒಂದು ಕಡೆ ದಪ್ಪ ಕಂಡರೆ ಗಾಜಿನ ಚೂರಿನಿಂದ ಹಗುರಾಗಿ ಕೆರೆಯೋರು. ಎರಡು ಸಲ ಎಳೆದು, ಬಾಯಲ್ಲಿಟ್ಟು ಒದ್ದೆ ಮಾಡಿ, ಊದಿ ನೋಡಿ, ಮತ್ತೆ ಒಂದು ಸಲ ಎಳೆಯೋರು. ಒಂದು ರೀಡಿಗೆ ಅರ್ಧ ತಾಸು. ಮುತ್ಯಾನಿಗೆ ಇದು ಗೊತ್ತೇ ಇರುತ್ತೆ. ಮೊಮ್ಮಗ ಕೇಳಬೇಕು, ಅಷ್ಟೇ.

---

ಹುಮನಾಬಾದ್ ತಾಯಿ:

ನಿಮ್ಮ 14 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು ಸರ್? ನನ್ನ ಮಗಳು ದೊಡ್ಡ ಡ್ರಮ್ ಬೇಕು ಅಂದಾಗ ಶಾಲೆಯಲ್ಲಿ ಕೈಗೆ ಟ್ರಯಾಂಗಲ್ ಕೊಟ್ಟು ಕಳಿಸಿದರು. ಅದಕ್ಕೆ ಕೇಳಿದೆ.

ಬ್ಯಾಂಡ್ ಕಲಿಸಿದ ಹೆಂಗಸೊಬ್ಬರ ಹೆಸರೂ ಈ ಚರ್ಚೆಯಲ್ಲಿ ಇರಲಿ. ಜೀಲಿಯಾ ಬ್ರೋ. 1918ರಿಂದ ಒಕ್ಲಹೋಮಾ ಸಿಟಿಯ ಕರಿಯರ ಶಾಲೆಗಳಿಗೆಲ್ಲ ಸಂಗೀತದ ಮೇಲ್ವಿಚಾರಕಿ ಆಗಿದ್ದರು. ಡಗ್ಲಸ್ ಹೈಸ್ಕೂಲಿನ ಬ್ಯಾಂಡ್ ಕಟ್ಟಿದ್ದು ಅವರೇ. ರಾಲ್ಫ್ ಎಲಿಸನ್ ಅಂತ ದೊಡ್ಡ ಕಾದಂಬರಿಕಾರ ಇದ್ದರಲ್ಲ, ಅವರು ಹುಡುಗನಾಗಿದ್ದಾಗ ಈ ಬ್ಯಾಂಡಿನಲ್ಲಿ ಟ್ರಂಪೆಟ್ ಊದ್ತಿದ್ದರು. ಶಾಲೆಯೊಳಗೆ ಜಾಝ್ ಬೇಡ, ಮೊದಲು ಸ್ವರ ಓದೋದು ಕಲಿಯಿರಿ ಅನ್ನೋರು. ಆದರೆ ಊರಿನಲ್ಲಿ ಆಲ್ಡ್ರಿಜ್ ಅನ್ನೋ ಥಿಯೇಟರಿಗೆ ಪಾಲುದಾರರಾಗಿದ್ದರು. ದೇಶದ ಹೆಸರಾಂತ ಬ್ಲೂಸ್, ಜಾಝ್ ಕಲಾವಿದರನ್ನು ಅಲ್ಲಿಗೆ ಕರೆಸೋರು. ಮಕ್ಕಳು ಹೋಗಿ ಕೇಳಿ ಬರ್ತಿದ್ದರು.

---

ಪಿ.ಟಿ. ಸರ್, ಕಲಬುರಗಿ:

ಎಲ್ಲರಿಗೂ ಉತ್ತರ ಬರೆಯೋಕೆ ತಡವಾಯಿತು, ತಪ್ಪು ತಿಳೀಬೇಡಿ. ಬರೆಯೋಕೆ ಮೊದಲು ಒಂದಿಷ್ಟು ಮಾಡಿ ನೋಡೋಣ ಅಂತ ಇದ್ದೆ.

ಹುಮನಾಬಾದಿನ ಅಕ್ಕಾ, ಹೆಣ್ಣುಮಕ್ಕಳು ಮೂವರು ಇದ್ದರು, ಮೂವರ ಕೈಯಲ್ಲೂ ಟ್ರಯಾಂಗಲ್, ಜಾಂಜ್. ನೀವು ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಮಾರನೇ ದಿನ ದೊಡ್ಡ ಡ್ರಮ್ ಯಾರಿಗೆ ಬೇಕು ಅಂತ ಎಲ್ಲರನ್ನೂ ಕೇಳಿದೆ. ಈಗ ಅದು ಎಂಟನೇ ಕ್ಲಾಸಿನ ಹುಡುಗಿಯ ಹತ್ತಿರ ಇದೆ. ಪಟ್ಟಿ ಅವಳ ಅಳತೆಗೆ ಗಿಡ್ಡ ಮಾಡಿಸಿದೆ. ಬೀದರ್ ಅಕ್ಕಾ, ಕಣಜದ ಗೂಡಿನ ಬ್ಯೂಗಲ್ ತಿಕ್ಕಲು ಇಬ್ಬರು ಹುಡುಗರು ಹುಣಸೆಹಣ್ಣು ತಂದರು. ಒಳಗಿಂದ ಇನ್ನೂ ಮಣ್ಣು ಬರ್ತಿದೆ.

ಕಾಕಾ, ನೀವು ಹೇಳಿದ ಚಪ್ಪಾಳೆ ಪಾಠ ಮೂರು ದಿನ ಮಾಡಿಸಿದೆ. ಮೊದಲ ದಿನ ಎಲ್ಲ ಒಂದಕ್ಕೇ ಚಪ್ಪಾಳೆ ಹಾಕಿದರು. ಎರಡನೇ ದಿನ ಅರ್ಧ ಮಕ್ಕಳಿಗೆ ಹತ್ತಿತು. ಮೂರನೇ ದಿನ ನಾನು ಎಣಿಸೋದು ನಿಲ್ಲಿಸಿದರೂ ಅವರು ನಿಲ್ಲಲಿಲ್ಲ. ಮೈದಾನದ ಆ ಕಡೆ ಸೈಕಲ್ ತಳ್ಕೊಂಡು ಹೋಗ್ತಿದ್ದ ಗಣಿತದ ಮೇಡಂ ಕೂಡ ಅದೇ ನಡೆಗೆ ನಡೀತಿದ್ದರು.

ಲನ್ಸ್‌ಫರ್ಡ್ ಕಥೆಯನ್ನು ಬೇವಿನ ಮರದ ಕೆಳಗೆ ಕೂರಿಸಿ ಹೇಳಿದೆ. ಸಂಬಳದ ವಿಷಯವನ್ನೂ ಬಿಡಲಿಲ್ಲ, ಯಾದಗಿರಿ ತಮ್ಮಾ. ಟ್ರಂಪೆಟ್ ಮೇಲಕ್ಕೆ ತೂರಿ ಹಿಡಿಯುವುದನ್ನು ಹೇಳಿದ್ದು ಮಾತ್ರ ತಪ್ಪಾಯಿತು. ಬ್ಯೂಗಲ್‌ಗಳಿಗೆ ಎರಡು ಹೊಸ ತಗ್ಗು ಬಿದ್ದಿವೆ. ಆ ಹುಡುಗ ಕಥೆ ಕೇಳುವಾಗ ಏನೂ ಮಾತಾಡಲಿಲ್ಲ. ಎಲ್ಲರೂ ಹೋದ ಮೇಲೆ ಬಂದು ಒಂದೇ ಪ್ರಶ್ನೆ ಕೇಳಿದ: "ಆ ಸರ್‌ಗ ನುಡಿಸಾಕ ಬರ್ತಿತ್ತು, ಆದರೂ ಯಾಕ ನುಡಿಸಲಿಲ್ರಿ?" ನಾನು ಉತ್ತರ ಹುಡುಕುವಷ್ಟರಲ್ಲಿ ಬ್ಯಾಗ್ ಏರಿಸಿಕೊಂಡು ಹೋದ.

ಆಮೇಲೆ ಮುತ್ಯಾನನ್ನು ನೋಡೋಕೆ ಅವರ ಮನೆಗೆ ಹೋದೆ. ನಾನೇ ಹೋಗಬೇಕು ಅನ್ನಿಸಿತು. ಅವರು ಮೊದಲು ಮೊಮ್ಮಗ ಏನೋ ತಪ್ಪು ಮಾಡಿದ್ದಾನೆ ಅಂತ ಹೆದರಿಕೊಂಡಿದ್ದರು. ಬಂದ ವಿಷಯ ಹೇಳಿದೆ. ಪ್ರಭಾತ ಫೇರಿ ನಿಮ್ಮ ಓಣಿಯಿಂದಲೇ ಹೊರಡಿಸೋಣ ಅಂತಿದ್ದೇನೆ ಅಂದೆ. ಅವರು ಚಹಾ ತರಿಸಿದರು, ಬೇರೆ ಏನೂ ಹೇಳಲಿಲ್ಲ.

ಸೆಪ್ಟೆಂಬರ್ 17ರ ಮುಂಜಾನೆ ಆರೂವರೆಗೆ ನಾವು ಅಲ್ಲಿಗೆ ಹೋದಾಗ ಹುಡುಗ ಕ್ಲಾರಿನೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಶಾಲೆಯ ಸಮವಸ್ತ್ರ, ಎಣ್ಣೆ ಹಚ್ಚಿ ಬಾಚಿದ ತಲೆ. ಮೂರನೇ ಸಾಲಿನಲ್ಲಿ ಹೋಗಿ ನಿಂತ. ಮುಂದೆ ಬಾ ಅಂದೆ, ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ನಾಡಗೀತೆ ಶುರುವಾದಾಗ ಮೊದಲ ಸಾಲು ಬರೀ ಗಾಳಿ ಬಂತು. ಎರಡನೇ ಸಾಲಿಗೆ ಸ್ವರ ಹಿಡಿಯಿತು. ಓಣಿಯಲ್ಲಿ ನೀರು ತುಂಬುತ್ತಿದ್ದ ಹೆಂಗಸರು ಕೊಡ ಅಲ್ಲೇ ಬಿಟ್ಟು ನಿಂತರು. ನಾಲ್ಕು ಮನೆ ದಾಟುವಷ್ಟರಲ್ಲಿ ಯಾರೂ ಹೇಳದೆಯೇ ಅವನು ದೊಡ್ಡ ಡ್ರಮ್ಮಿನ ಹುಡುಗಿಯ ಪಕ್ಕಕ್ಕೆ ಬಂದಿದ್ದ.

ಮುತ್ಯಾ ಕಟ್ಟೆಯ ಮೇಲೆ ಕೂತಿದ್ದರು. ನಾನು ನಮಸ್ಕಾರ ಮಾಡಿದೆ. ಅವರು ನನ್ನನ್ನು ಕರೆದು ಕಿವಿಯ ಹತ್ತಿರ ಹೇಳಿದರು: "ಮಾಸ್ತರ್, ಮೂರನೇ ಸಾಲಿನ ನಡಬರಕ ಉಸಿರು ತಗೊಂಡ. ಅಲ್ಲಿ ತಗೋಬಾರದಿತ್ತು. ಶನಿವಾರ ನಾ ಸಾಲಿಗೆ ಬರ್ತೀನಿ."

ಹೋದ ಶನಿವಾರ ಬಂದಿದ್ದರು. ಈ ಶನಿವಾರವೂ ಬರ್ತಾರೆ. ಅವರಿಗೆ ಎರಡನೇ ನಂಬರಿನ ಕ್ಲಾರಿನೆಟ್ ರೀಡ್ ಬೇಕಂತೆ. ಕಾಕಾ, ಸೂಪರ್ ಮಾರ್ಕೆಟ್ ಕಡೆ ಎರಡು ಅಂಗಡಿ ಕೇಳಿದೆ, ಇಲ್ಲ ಅಂದರು. ಕಲಬುರಗಿಯಲ್ಲಿ ಬೇರೆ ಎಲ್ಲಾದರೂ ಸಿಗುತ್ತಾ, ಇಲ್ಲ ಹೈದರಾಬಾದಿಗೆ ಹೋಗೋರ ಹತ್ತಿರ ಹೇಳಿ ಕಳಿಸಬೇಕಾ?